ಅರಿಶಿನ ಹತ್ತಿದ ಕೊಳವೆ, ಒಲ್ಯಾಂವ್‌ನ ಮಾಳಿಗೆ

ಸಾಂಬ್ರಾ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಚೀಲ ಬಿಚ್ಚಿಸಿದ ಹುಡುಗಿ ಮೊದಲು ಹೊರಗೆ ತೆಗೆದದ್ದು ಬಚ್ಚಲಿನಲ್ಲಿ ನೀರು ಮೊಗೆಯುವ ಮಗ್ಗ. ಕರಿ ಪ್ಲಾಸ್ಟಿಕ್ಕಿನದು, ಹೊಚ್ಚ ಹೊಸದು. ಪರದೇಶದ ಬಚ್ಚಲುಗಳಲ್ಲಿ ಮಗ್ಗ ಇರುವುದಿಲ್ಲವೆಂದು ನಮ್ಮ ಓಣಿಯಲ್ಲಿ ಹೋಗಿ ಬಂದವರೆಲ್ಲ ಹೇಳಿದ್ದರು. ವೀಸಾದ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮಾತಾದರೂ ಮಗ್ಗದ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಸ್ವರ. ಮಗ್ಗದೊಳಗೆ ಟವೆಲ್ ಸುತ್ತಿ ಇಟ್ಟಿದ್ದ ಗೇಣುದ್ದದ ಪೈಪು ಆಮೇಲೆ ಹೊರಬಂತು. ಅದರ ಬಾಲದಲ್ಲಿ ನಾಲ್ಕು ವೈರು. ಹುಡುಗಿಯ ಮುಖ ಬಿಗಿಯಿತು.

"ಇದೇನ್ರೀ ಬಾಯಾರ?"

"ನೀರು ನೋಡೂ ಕೊಳವಿರೀ."

"ನೀರು ಕಣ್ಣಿಲೆ ಕಾಣತೈತಲ್ರೀ?"

ಇಪ್ಪತ್ತು ವರ್ಷ ಬೆಳಗಾವಿಯ ಕಾಲೇಜೊಂದರ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸಿದವಳು ನಾನು. ಪ್ರಶ್ನೆ ಬಂದರೆ ಪಾಠ ಶುರುವಾಗಿಬಿಡುತ್ತದೆ. ಕೊಳವೆಯೊಳಗೆ ಒಂದು ನೀಲಿ ದೀಪ ಇದೆ. ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿಯ ಮೇಲೆ ಆ ಬೆಳಕು ಬಿದ್ದರೆ ಪಾಚಿ ಮಂದವಾಗಿ ಕೆಂಪಗೆ ಹೊಳೆಯುತ್ತದೆ. ಆ ಕೆಂಪನ್ನು ಅಳೆಯಲು ಬಾಜೂದಲ್ಲಿ ಒಂದು ಕಣ್ಣು, ಕಣ್ಣಿನ ಮುಂದೆ ನಾಟಕದವರು ದೀಪಕ್ಕೆ ಕಟ್ಟುವ ಕೆಂಪು ಹಾಳೆಯ ಚೂರು. ಹೊಳಪು ಹೆಚ್ಚಿದರೆ ಪಾಚಿ ಹೆಚ್ಚು. ಕಡಲಿನ ನೀರು ಕೆಡುವ ಮೊದಲು ಸುಳಿವು ಕೊಡುವುದು ಈ ಪಾಚಿಯೇ. ಇದೇ ಕೆಲಸ ಮಾಡುವ ದೊಡ್ಡ ಯಂತ್ರಗಳು ದೊಡ್ಡ ಸಂಸ್ಥೆಗಳಿಗಷ್ಟೇ ಕೈಗೆಟುಕುತ್ತವೆ. ನನ್ನದು ಮೀನುಗಾರ ಹೆಂಗಸರಿಗೂ ಎಟುಕಬೇಕೆಂದು ಮಾಡಿದ್ದು.

"ಬೆಳಗಾವ್ಯಾಗ ಎಲ್ಲಿ ಸಮುದ್ರರೀ?" ಎಂದಳು.

ಈ ಪ್ರಶ್ನೆಯನ್ನು ನಮ್ಮ ವಿಭಾಗದ ಸಾಹೇಬರೂ ಕೇಳಿದ್ದರು. ನಾನು ನಂದಗಡದವಳು. ನಮ್ಮ ಖಾನಾಪುರದ ಕಾಡಿನಲ್ಲಿ ಬಿದ್ದ ಮಳೆಯ ಒಂದು ಪಾಲು ಘಟ್ಟ ಇಳಿದು ಗೋವಾದ ಕಡಲಿಗೇ ಹೋಗುತ್ತದೆ. ಹೋದ ನೀರಿನ ಯೋಗಕ್ಷೇಮ ಕೇಳಬಾರದೇ? ಸಾಹೇಬರು ನಕ್ಕು, "ಸುನಂದಾಬಾಯಿ, ಇದು ಆಟಿಗಿ ಸಾಮಾನು. ಪೋರ್ತುಗಾಲದ ಶಿಬಿರಕ್ಕ ಕರದಾರಲ್ಲ, ಒಯ್ದು ತೋರಸ್ರಿ. ಅಲ್ಲಿ ನಡೀತಂದ್ರ ನಿಮ್ಮ ಲ್ಯಾಬಿನ ಖೋಲಿ ನಿಮಗ. ಇಲ್ಲಂದ್ರ ಆ ಖೋಲಿ ಬ್ಯಾರೆ ಕೆಲಸಕ್ಕ ಬೇಕಾಗೈತಿ" ಎಂದಿದ್ದರು. ನಗುತ್ತ ಹೇಳಿದ ಮಾತೇ ಹೆಚ್ಚು ಚುಚ್ಚುತ್ತದೆ. ಗೆದ್ದೇ ಬರುತ್ತೇನೆ ಎಂದುಕೊಂಡು ಪೈಪನ್ನು ಮತ್ತೆ ಮಗ್ಗದೊಳಗೆ ತುರುಕಿದೆ.

ಒಲ್ಯಾಂವ್, ಸೋಮವಾರ

ಪೋರ್ತುಗಾಲದ ದಕ್ಷಿಣದ ಅಂಚಿನಲ್ಲಿದೆ ಈ ಊರು. ಕಡಲಿಗೂ ಊರಿಗೂ ನಡುವೆ ಮರಳಿನ ದ್ವೀಪಗಳ ಸಾಲು, ಅವುಗಳ ಈಚೆಗೆ ಅಗಲವಾದ ಹಿನ್ನೀರು. ದಿನಕ್ಕೆರಡು ಸಲ ಆ ನೀರು ಎದ್ದು ಹೋಗುತ್ತದೆ, ಎರಡು ಸಲ ತಿರುಗಿ ಬರುತ್ತದೆ. ಕೆರೆ ನೋಡಿ ಬೆಳೆದ ನನಗೆ ಇದನ್ನು ನಂಬಲು ಎರಡು ದಿನ ಹಿಡಿಯಿತು. ಬೆಳಿಗ್ಗೆ ದೋಣಿ ತೇಲುತ್ತಿದ್ದ ಕಡೆ ಮಧ್ಯಾಹ್ನ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಕಪ್ಪೆಚಿಪ್ಪು ಆಯುತ್ತಿರುತ್ತಾರೆ. ನಮ್ಮಲ್ಲಿ ಗದ್ದೆಗೆ ಬದು ಇರುವಂತೆ ಅವರಿಗೆ ಅಲ್ಲಿ ಗೂಟ ನೆಟ್ಟ ತಮ್ಮ ತಮ್ಮ ಪಟ್ಟಿಗಳಿವೆ.

ನನಗೆ ಇಳಿಯಲು ಮನೆ ಕೊಟ್ಟದ್ದು ಅಂಥ ಒಂದು ಪಟ್ಟಿಯ ಯಜಮಾನಿ. ಹೆಸರು ಫರ್ನಾಂದಾ. ಅರವತ್ತು ದಾಟಿದ ಗಟ್ಟಿ ಹೆಂಗಸು. ನಾನು ಗೋವಾದ ವಾಡಿಕೆಯಂತೆ ಫರ್ನಾಂದಾಬಾಯಿ ಎಂದೆ, ಆಕೆ ತಕರಾರಿಲ್ಲದೆ ಓಗೊಟ್ಟಳು. ಹಿಂದೆ ಹೋಟೆಲಿನ ಅಡುಗೆಮನೆಯಲ್ಲಿ ದುಡಿದಿದ್ದರಿಂದ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷೂ ಸರಿಸಮ. ಆಕೆಯ ಮಾತನ್ನು ನಾನು ಮನಸ್ಸಿನಲ್ಲಿ ಬೆಳಗಾವಿಯ ಕನ್ನಡಕ್ಕೇ ಹಾಕಿಕೊಂಡು ಕೇಳಿದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಬಾಗಿಲ ಚಾವಿ ಕೈಗಿಟ್ಟು ಆಕೆ ಅದನ್ನು "ಶಾವೆ" ಎಂದಾಗ, ಒಲೆಯ ಮೇಲಿನ ಬಟಾಟಿಗೆ "ಬತಾತ" ಎಂದಾಗ ನನಗೆ ನೆಂಟರ ಮನೆಗೆ ಬಂದಂತಾಯಿತು. ಆದರೆ ಊಟದ ಹೊತ್ತಿಗೆ ನೆಂಟಸ್ತಿಕೆ ಕುಂಟಿತು.

"ಮೀನ ತಿನ್ನೂದಿಲ್ಲಾ?"

"ಇಲ್ರೀ."

"ಕಪ್ಪೆಚಿಪ್ಪರ? ಅದಕ್ಕ ಕಣ್ಣ ಇಲ್ಲಲ್ಲ!"

ಕಣ್ಣಿಲ್ಲದ್ದನ್ನೂ ತಿನ್ನುವುದಿಲ್ಲ ಎಂದಾಗ ಆಕೆ ನನ್ನನ್ನು ಕಾಯಿಲೆಯವರನ್ನು ನೋಡುವಂತೆ ನೋಡಿ, ಬಟಾಟಿ ಮತ್ತು ಎಲೆಕೋಸಿನ ಸಾರು ಮಾಡಿ ಇಟ್ಟಳು. ಅದರ ಮೇಲೆ ನಾನು ಶೇಂಗಾ ಚಟ್ನಿ ಉದುರಿಸಿಕೊಂಡು ಎರಡು ತಟ್ಟೆ ಉಂಡೆ.

ಮಂಗಳವಾರ, ದಕ್ಕೆ

ಶಿಬಿರ ನಡೆಸುತ್ತಿದ್ದವರು ಅಲ್ಲಿನ ಕಡಲ ಅಧ್ಯಯನದ ಒಂದು ಸಂಸ್ಥೆಯವರು. ಹೆಲೆನಾ ಎಂಬ ವಿಜ್ಞಾನಿ ಮುಂದಾಳು. ನಾಲ್ಕಾರು ದೇಶಗಳಿಂದ ನನ್ನಂಥವರು ತಮ್ಮ ತಮ್ಮ ಅಗ್ಗದ ಉಪಕರಣಗಳೊಡನೆ ಬಂದಿದ್ದರು. ಮೂರು ದಿನ ಪರೀಕ್ಷೆ. ಶುಕ್ರವಾರ ಕಪ್ಪೆಚಿಪ್ಪಿನ ಹೆಂಗಸರೇ ಒಂದನ್ನು ಆರಿಸುತ್ತಾರೆ. ಆರಿಸಿದ್ದು ಒಂದು ವರ್ಷ ಅವರ ಪಟ್ಟಿಯ ಗೂಟದಲ್ಲಿರುತ್ತದೆ, ಅಂಥವೇ ಇನ್ನಷ್ಟನ್ನು ತಯಾರಿಸುವ ಕೆಲಸ ಅದನ್ನು ಮಾಡಿದವರಿಗೇ ಸಿಗುತ್ತದೆ. ಹೆಂಗಸರೇ ಆರಿಸಬೇಕು ಎಂಬ ಈ ಪದ್ಧತಿ ನನಗೆ ಬಹಳ ಹಿಡಿಸಿತು. ನೀರಿಗಿಳಿಯುವವರು ಅವರು ತಾನೇ? ಪಾಚಿ ಏಕಾಏಕಿ ಹೆಚ್ಚಿದರೆ ಕಪ್ಪೆಚಿಪ್ಪು ವಿಷವಾಗಿರಬಹುದು. ಸಂಸ್ಥೆಯವರು ಮಾದರಿ ಒಯ್ದು ಪರೀಕ್ಷಿಸಿ ಹೇಳುತ್ತಾರೆ, ಆದರೆ ಅದಕ್ಕೆ ದಿನಗಳು ಬೇಕು. ನಡುವಿನ ದಿನಗಳಲ್ಲಿ ಹೆಂಗಸರು ಅಂದಾಜಿನ ಮೇಲೆಯೇ ಇರಬೇಕು.

ದಕ್ಕೆಯ ಅಂಚಿನಲ್ಲಿ ಎಲ್ಲರ ಉಪಕರಣಗಳನ್ನೂ ನೀರಿಗಿಳಿಸಿದರು. ಉಳಿದವರ ಅಂಕಿಗಳೆಲ್ಲ ಹತ್ತು, ಹನ್ನೆರಡರ ಆಸುಪಾಸು. ನನ್ನದು ತೊಂಬತ್ತು.

ಹೆಲೆನಾ, "ಇರಲಿ, ಸಂಜೆ ನೋಡೋಣ" ಎಂದು ಮುಂದೆ ಹೋದಳು. ನನ್ನ ಹಿಂದೆ ನಿಂತಿದ್ದ ಫರ್ನಾಂದಾಬಾಯಿ ಮಾತ್ರ ಅಂಕಿಯನ್ನೇ ನೋಡುತ್ತಿದ್ದಳು. ತೊಂಬತ್ತು ಎಂದರೆ ಕೆಟ್ಟದ್ದು ಎಂದು ಹಿಂದಿನ ದಿನ ನಾನೇ ಹೇಳಿಕೊಟ್ಟಿದ್ದೆ, ದೊಡ್ಡ ಪಂಡಿತಳ ಹಾಗೆ. ಆ ಮಧ್ಯಾಹ್ನದ ಇಳಿತಕ್ಕೆ ಆಕೆ ಕೆಸರಿಗೆ ಇಳಿಯಲಿಲ್ಲ. ಬಾಜೂ ಪಟ್ಟಿಯ ಇಬ್ಬರು ಹೆಂಗಸರನ್ನೂ ತಡೆದಳು. ಅವರ ಪೈಕಿ ಒಬ್ಬಾಕೆಯ ಮೊಮ್ಮಗುವಿಗೆ ಮರುದಿನ ನಾಮಕರಣ, ಊಟಕ್ಕೆ ಕಪ್ಪೆಚಿಪ್ಪು ಬೇಕಿತ್ತು.

ಸಂಜೆ ಮಾಳಿಗೆಯ ಮೇಲೆ ಕೂತು ಕೊಳವೆಯನ್ನು ತಪಾಸಣೆಗಿಟ್ಟೆ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಅಂಗಡಿಯಿಂದ ತಂದು ಕರಿ ಮಗ್ಗಕ್ಕೆ ಸುರಿದು ಅದರಲ್ಲಿ ಅದ್ದಿದೆ. ಪಾಚಿಯ ಸುಳಿವೂ ಇಲ್ಲದ ನೀರು. ಅಂಕಿ ಸೊನ್ನೆಯ ಹತ್ತಿರ ಇರಬೇಕು. ಎಂಬತ್ತು ತೋರಿಸಿತು.

ಬ್ಯಾಟರಿ ಬದಲಿಸಿದೆ, ವೈರು ಬಿಚ್ಚಿ ಕಟ್ಟಿದೆ. ಎಂಬತ್ತು, ಮತ್ತೆ ಎಂಬತ್ತು. ಕೊನೆಗೆ ಸೆರಗು ಮುಚ್ಚಿ ಕತ್ತಲೆ ಮಾಡಿ ಕೊಳವೆಯೊಳಗೆ ಇಣುಕಿದೆ. ನೀಲಿ ದೀಪದ ಮುಂದಿನ ಕಿಟಕಿ, ನಾನೇ ಅಂಟು ಸುರಿದು ಎರಕ ಹೊಯ್ದ ಪಾರದರ್ಶಕ ಬಿಲ್ಲೆ, ನಿಂಬೆಹಣ್ಣಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಆ ಬಣ್ಣ ಪಾಚಿಯದಲ್ಲ. ಮೂವತ್ತು ವರ್ಷ ಅಂಗಿ, ಪಂಚೆ, ಟವೆಲ್ಲುಗಳಿಂದ ತಿಕ್ಕಿ ತಿಕ್ಕಿ ತೆಗೆದ ಬಣ್ಣ ನನಗೆ ಗೊತ್ತಾಗುವುದಿಲ್ಲವೇ?

ಬುಧವಾರ, ಫೋನು ಮತ್ತು ಅಡುಗೆಮನೆ

ಬೆಳಿಗ್ಗೆ ಎಂಟಕ್ಕೆ ಬಸಪ್ಪಣ್ಣನಿಗೆ ಫೋನು ಹಚ್ಚಿದೆ. ಬೆಳಗಾವಿಯಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಬಸಪ್ಪಣ್ಣ ನಮ್ಮ ಲ್ಯಾಬಿನ ಅಟೆಂಡರ್, ಪಾರಿಶ್ವಾಡದವನು. ಅವನ ಅಪ್ಪ ಕುರಿ ಕಾಯುತ್ತಿದ್ದ. ಇವನು ಉಪಕರಣಗಳನ್ನು ಕಾಯುತ್ತಾನೆ, ಅಷ್ಟೇ ಅಕ್ಕರೆಯಿಂದ. ಕೊಳವೆಯ ಒಂದೊಂದು ಬೆಸುಗೆಗೂ ಅವನು ಕೈ ಹಚ್ಚಿದ್ದಾನೆ.

"ಬಸಪ್ಪಣ್ಣ, ಖಂಡೇನವಮಿ ಆಯುಧಪೂಜಾದಾಗ ಕೊಳವಿಗೂ ಮಾಡಿದ್ರೇನ್ರೀ?"

"ಮಾಡದ ಬಿಡತೇನೇನ್ರೀ ಅಕ್ಕಾರ? ಪರದೇಶಕ್ಕ ಹೊಂಟಿತ್ತು. ಎಲ್ಲಾ ಸಾಮಾನಕಿಂತ ಮೊದಲ ಅದಕ್ಕ ಮಾಡೇನ್ರೀ. ಅರಿಶಿನ, ಕುಂಕಮ, ಹೂವು."

"ಅರಿಶಿನಾ ಎಲ್ಲಿ ಹಚ್ಚಿದ್ರಿ?"

"ಕಣ್ಣಿಗೇರೀ, ದೀಪದ ಮುಂದಿನ ಬಿಲ್ಲಿಗೆ. ದೇವರಿಗೆ ಹಣಿಗೆ ಹಚ್ಚತೇವಲ್ರೀ, ಇದಕ್ಕ ಹಣಿ ಎಲ್ಲೈತಿ? ಮರದಿನಾ ಸ್ಪಿರಿಟ್ ಹಚ್ಚಿ ಛಲೋತ್ನಾಗ ಒರಸೇನ್ರೀ. ಒಂದ ಚೂರೂ ಉಳದಿಲ್ಲ."

ಅಲ್ಲಿಗೆ ಕತೆ ಪೂರ್ತಿ ತಿಳಿಯಿತು. ನೀರಿನಲ್ಲಿ ಒರೆಸಿದ್ದರೆ ಅರಿಶಿನ ಮೇಲೆಯೇ ಉಳಿಯುತ್ತಿತ್ತೇನೋ. ಸ್ಪಿರಿಟ್ಟಿನಲ್ಲಿ ಅದು ಕರಗುತ್ತದೆ. ಕರಗಿ ಬಿಲ್ಲೆಯೊಳಕ್ಕೇ ಇಳಿದಿತ್ತು. ನೀಲಿ ಬೆಳಕು ಬಿದ್ದರೆ ಅರಿಶಿನವೂ ಹೊಳೆಯುತ್ತದೆ, ನನ್ನ ನಾಟಕದ ಕೆಂಪು ಹಾಳೆಗೆ ಆ ಹೊಳಪನ್ನು ಪೂರ್ತಿ ತಡೆಯುವ ಯೋಗ್ಯತೆ ಇರಲಿಲ್ಲ. ತಪ್ಪು ಅವನದಲ್ಲ. ನಾನು ಕೊಳವೆಯನ್ನು ಕೊನೆಯ ಸಲ ಪರೀಕ್ಷಿಸಿದ್ದು ಪೂಜೆಯ ಮೊದಲು. ಆಮೇಲೆ ಮತ್ತೊಮ್ಮೆ ನೋಡದೆ ಮಗ್ಗದಲ್ಲಿಟ್ಟುಕೊಂಡು ಹೊರಟವಳು ನಾನೇ.

ಹೇಳಿದೆ.

"ಅಕ್ಕಾರ, ನನ್ನ ಕೈಲೇ ಕೆಡಿಸಿಬಿಟ್ನಲ್ರೀ," ಎಂದ.

"ಕೆಟ್ಟಿಲ್ಲ. ತಗೀತೇನಿ ನೋಡ್ರಿ," ಎಂದೆ. ಧೈರ್ಯ ಇತ್ತೋ ಇಲ್ಲವೋ, ದನಿಯಲ್ಲಿ ತಂದುಕೊಂಡೆ.

ಕೆಳಗೆ ಅಡುಗೆಮನೆಯಲ್ಲಿ ಫರ್ನಾಂದಾಬಾಯಿ ಗುಟುಕಿನಷ್ಟು ಕಾಫಿ ಹಿಡಿದು ನಿಂತಿದ್ದಳು. ಹೇಳದೆ ಇದ್ದುಬಿಡಬಹುದಿತ್ತು. ಕಡಲು ತಾನೇ, ನಿನ್ನೆ ಕೆಟ್ಟಿತ್ತು, ಇವತ್ತು ಸುಧಾರಿಸಿದೆ ಎಂದರೆ ಯಾರು ಕೇಳುತ್ತಿದ್ದರು? ಆ ಆಸೆ ನನಗೆ ಬಂದದ್ದು ನಿಜ, ಬರೆಯಲು ಈಗಲೂ ನಾಚಿಕೆ. ಆದರೆ ಆಕೆಯ ಅಂಗಳದಲ್ಲಿ ಬಳಸದ ಎರಡು ಖಾಲಿ ಬುಟ್ಟಿಗಳು ಒಂದರೊಳಗೊಂದು ಕೂತಿದ್ದವು. ಅವನ್ನು ನೋಡುತ್ತ ಸುಳ್ಳು ಹೇಳಲಾಗಲಿಲ್ಲ.

"ನಿನ್ನೆ ನೀರು ಛಲೋ ಇತ್ರೀ. ನನ್ನ ಕೊಳವಿ ಸುಳ್ಳ ಹೇಳಿತು."

ಆಕೆ ಕಾಫಿ ಕೆಳಗಿಟ್ಟಳು. "ಒಂದ ಇಳಿತ ಹೋತು. ಬಾಜೂದಾಕಿ ಇವತ್ತ ಪ್ಯಾಟಿಯಿಂದ ತಂದು ನೆಂಟರಿಗೆ ಉಣಸತಾಳ. ತನ್ನ ಪಟ್ಟ್ಯಾಗ ಇಟಗೊಂಡು! ನನ್ನ ಮಾತ ಕೇಳಿ ನಿಂತಳು ಆಕಿ. ನಿನ್ನ ಮಾತಲ್ಲ, ನನ್ನ ಮಾತ."

ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಬುಟ್ಟಿ ಎತ್ತಿಕೊಂಡು ಇಳಿತಕ್ಕೆ ಹೊರಟುಹೋದಳು, ಮಾಳಿಗೆಯ ಚಾವಿಯನ್ನು ಮಾತ್ರ ಮೇಜಿನ ಮೇಲೆ ಬಿಟ್ಟಿದ್ದಳು.

ಬುಧವಾರವೇ, ಮಾಳಿಗೆ

ಒಲ್ಯಾಂವ್‌ನ ಹಳೆಯ ಮನೆಗಳಿಗೆಲ್ಲ ನಮ್ಮ ಬಯಲುಸೀಮೆಯಂತೆ ಚಪ್ಪಟೆ ಮಾಳಿಗೆ. ಒಂದರಿಂದ ಇನ್ನೊಂದಕ್ಕೆ ದಾಟಬಹುದಾದಷ್ಟು ಹತ್ತಿರ. ಅಲ್ಲಿ ಬಟ್ಟೆ ಒಣಗುತ್ತದೆ, ಅಂಜೂರ ಒಣಗುತ್ತದೆ, ಮೀನೂ ಒಣಗುತ್ತದೆ. ಆ ದಿನ ಕೊಳವೆಯೂ ಒಣಗಿತು.

ಅರಿಶಿನದ ಕಲೆ ಸಾಬೂನಿಗೆ ಬಗ್ಗುವುದಿಲ್ಲ, ಬಿಸಿಲಿಗೆ ಬಗ್ಗುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ ನಾನು. ನಂದಗಡದ ಹಿತ್ತಲಲ್ಲಿ ಅವ್ವ ಅಂಗಿಗಳನ್ನು ಹರವುವಾಗ ನೋಡಿದ್ದು. ಕೊಳವೆಯ ಮುಚ್ಚಳ ಬಿಚ್ಚಿ ಬಿಲ್ಲೆಯನ್ನು ಸೂರ್ಯನ ಕಡೆ ತಿರುಗಿಸಿಟ್ಟೆ. ಸೂರ್ಯ ಸರಿದಂತೆ ಅದನ್ನೂ ಸರಿಸಿದೆ, ಹಪ್ಪಳ ಕಾಯುವವರಂತೆ ಪಕ್ಕದಲ್ಲೇ ಕೂತೆ. ಗಂಟೆಗೊಮ್ಮೆ ಮಗ್ಗದ ನೀರಿನಲ್ಲಿ ಅದ್ದಿ ಅಂಕಿ ಬರೆದೆ. ಎಂಬತ್ತು ಎಪ್ಪತ್ತಾಯಿತು. ನಡುಮಧ್ಯಾಹ್ನಕ್ಕೆ ನಲವತ್ತೈದು. ಪಕ್ಕದ ಮಾಳಿಗೆಯ ಮುದುಕನೊಬ್ಬ ಅಂಜೂರ ತಿರುವಿಹಾಕುತ್ತ ನನ್ನ ಪೈಪನ್ನೂ ನನ್ನನ್ನೂ ನೋಡಿ ಏನೋ ಕೇಳಿದ. ನಾನು ಸೂರ್ಯನನ್ನು ತೋರಿಸಿದೆ. ಅವನು ಪೂರ್ತಿ ಅರ್ಥವಾದವನಂತೆ ತಲೆದೂಗಿ ನಾಲ್ಕು ಅಂಜೂರ ಕೊಟ್ಟ.

ಸಂಜೆ ಶಿಬಿರದ ಸಭೆ. ಹೆಲೆನಾ ನನ್ನನ್ನು ಬಾಜೂಕ್ಕೆ ಕರೆದು, "ನಿನ್ನೆಯದನ್ನು ತಾಂತ್ರಿಕ ತೊಂದರೆ ಎಂದು ಬರೆದು ಬಿಟ್ಟುಬಿಡೋಣ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಒಪ್ಪಲಿಲ್ಲ. ಎದ್ದು ನಿಂತು, ನಮ್ಮೂರಲ್ಲಿ ವರ್ಷಕ್ಕೊಂದು ದಿನ ದುಡಿಯುವ ಸಾಮಾನುಗಳಿಗೆ ಪೂಜೆ ಮಾಡುತ್ತೇವೆ, ನನ್ನ ಕೊಳವೆಗೂ ಮಾಡಿದರು, ಅದರ ಕಣ್ಣಿಗೆ ಅರಿಶಿನ ಹತ್ತಿತು ಎಂದೆ. ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಬಂದ ಸಿಟ್ಟನ್ನು ನುಂಗಿಕೊಂಡು ಅಡುಗೆಗೆಂದು ತಂದಿದ್ದ ಅರಿಶಿನದ ಡಬ್ಬಿ ತೆಗೆದೆ. ಗಾಜಿನ ಲೋಟದ ಸ್ಪಿರಿಟ್ಟಿಗೆ ಒಂದು ಚಿಟಿಕೆ ಹಾಕಿ, ದೀಪ ಆರಿಸಲು ಹೇಳಿ, ನೀಲಿ ಬೆಳಕು ಬಿಟ್ಟೆ. ಲೋಟ ಧಗ್ಗನೆ ಹಸಿರು ಹಳದಿ ಹೊಳೆಯಿತು. ನಕ್ಕವನೇ ಮೊದಲು ಎದ್ದು ಹತ್ತಿರ ಬಂದ.

ಬಾಗಿಲ ಬಳಿ ಫರ್ನಾಂದಾಬಾಯಿಯೂ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು, ಲೋಟವನ್ನೊಮ್ಮೆ ನೋಡಿ ಹೋದಳು.

ಗುರುವಾರ, ಹಿನ್ನೀರು

ಬೆಳಗಿನ ಬಿಸಿಲಿಗೆ ಮತ್ತೆ ಒಂದಿಷ್ಟು ಹೊತ್ತು ಇಟ್ಟ ಮೇಲೆ ಮಗ್ಗದಲ್ಲಿ ಅಂಕಿ ಮೂರಕ್ಕೆ ಇಳಿದಿತ್ತು. ಕಡಲಿನ ಅಂಕಿಯಿಂದ ಆ ಮೂರನ್ನು ಕಳೆದರೆ ಆಯಿತು. ಸಂಸ್ಥೆಯ ದೊಡ್ಡ ಯಂತ್ರದ ಪಕ್ಕದಲ್ಲೇ ನನ್ನ ಪೈಪನ್ನು ಕಟ್ಟಿ ಇಡೀ ದಿನ ದೋಣಿಯಲ್ಲಿ ಕೂತೆವು. ಈಜು ಬಾರದವಳು ನಾನು. ದೋಣಿ ಒಲೆದಾಗಲೆಲ್ಲ ಒಂದು ಕೈಯಲ್ಲಿ ಹಲಗೆ, ಇನ್ನೊಂದು ಕೈಯಲ್ಲಿ ಅಂಕಿ ಬರೆಯುವ ವಹಿ. ಭರತದಲ್ಲಿ ಹೊರಗಡಲ ತಿಳಿನೀರು ನುಗ್ಗಿದಾಗ ಎರಡರ ಅಂಕಿಗಳೂ ಇಳಿದವು. ಇಳಿತ ಶುರುವಾಗಿ ಒಳಗಿನ ಹಸಿರು ನೀರು ಹೊರಟಾಗ ಎರಡೂ ಏರಿದವು. ದೊಡ್ಡದರಷ್ಟು ನಾಜೂಕು ನನ್ನದಕ್ಕೆ ಇರಲಿಲ್ಲ, ಆದರೆ ದಾರಿ ತಪ್ಪಲಿಲ್ಲ. ಸಂಜೆ ಹೆಲೆನಾ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಾಗ ನನ್ನ ಕಣ್ಣು ಮಂಜಾಯಿತು. ಉಪ್ಪುಗಾಳಿ ಎಂದು ಹೇಳಿದೆ.

ಶುಕ್ರವಾರ

ಹೆಂಗಸರು ಎಂಟು ಮಂದಿ ಬಂದಿದ್ದರು. ಗೆರೆಗಳನ್ನು ಅವರು ಹೆಚ್ಚು ಹೊತ್ತು ನೋಡಲಿಲ್ಲ. ಫರ್ನಾಂದಾಬಾಯಿ ಉಪಕರಣಗಳ ಸಾಲಿನ ಮುಂದೆ ನಡೆದುಬಂದು ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದಳು.

"ಇದು ಸುಳ್ಳ ಹೇಳಿದ್ರ ನನಗ ಹೆಂಗ ಗೊತ್ತಾಗಬೇಕು?"

ಒಬ್ಬನು ತನ್ನದು ಸುಳ್ಳು ಹೇಳುವುದೇ ಇಲ್ಲ ಎಂದ. ಇನ್ನೊಬ್ಬಳು ಕಂಪ್ಯೂಟರು ನೋಡಿಕೊಳ್ಳುತ್ತದೆ ಎಂದಳು. ನನ್ನ ಸರದಿ ಬಂತು.

ನಾನು ಚೀಲದಿಂದ ಕರಿ ಮಗ್ಗ ತೆಗೆದೆ. "ದಿನಾ ಮುಂಜಾನೆ ಮೊದಲ ಇದರಾಗ ಶುದ್ಧ ನೀರು ಹಾಕಿ ಅದ್ದರಿ. ಮೂರರ ಹತ್ರ ಇದ್ರ ನಂಬ್ರಿ. ಹೆಚ್ಚಿದ್ರ ಕಡಲ ಮ್ಯಾಲ ಸಿಟ್ಟಾಗಬ್ಯಾಡ್ರಿ, ಕೊಳವಿ ಮ್ಯಾಲ ಸಿಟ್ಟಾಗ್ರಿ. ತೊಳದು ಬಿಸಿಲಿಗಿಡ್ರಿ, ಮತ್ತ ನೋಡ್ರಿ. ಇದು ಸುಳ್ಳ ಹೇಳತೈತ್ರಿ. ಒಮ್ಮೆ ಹೇಳೇತಿ. ಆದ್ರ ಹಿಡಿಯೂದು ಹೆಂಗಂತ ನನಗ ಈಗ ಗೊತ್ತೈತಿ."

ಪೈಪಿಗೆ ವಿಷ ಕಾಣುವುದಿಲ್ಲ, ನೀರು ಬದಲಾದದ್ದಷ್ಟೇ ಕಾಣುತ್ತದೆ, ಕೊನೆಯ ಮಾತು ಸಂಸ್ಥೆಯ ಪರೀಕ್ಷೆಯದೇ ಎಂದೂ ಸೇರಿಸಿದೆ. ಆಕೆ ಮಗ್ಗವನ್ನು ಕೈಗೆ ತೆಗೆದುಕೊಂಡು ಒಳಗೂ ಹೊರಗೂ ನೋಡಿದಳು. ಬಾಜೂದಾಕೆಗೆ, ನಾಮಕರಣದ ಅಜ್ಜಿಗೆ, ಕೊಟ್ಟಳು. ಅದು ಎಂಟು ಕೈ ದಾಟಿ ಬಂತು. ಅದು ಯಾತರ ಮಗ್ಗ ಎಂದು ನಾನು ಹೇಳಲಿಲ್ಲ. ಅಷ್ಟೊಂದು ಸತ್ಯ ಆ ದಿನ ಬೇಕಿರಲಿಲ್ಲ, ಹೇಗೂ ತಿಕ್ಕಿ ತಿಕ್ಕಿ ತೊಳೆದಿದ್ದೆ.

ಅವರು ತಮ್ಮೊಳಗೆ ಜೋರಾಗಿ ಮಾತಾಡಿಕೊಂಡರು. ಜಗಳವೋ ಸಮಾಲೋಚನೆಯೋ ಹೇಳಲಾಗದು. ನಮ್ಮ ಬೆಳಗಾವಿಯ ಶನಿವಾರ ಖೂಟದ ಪೇಟೆಯಲ್ಲಿ ಭಾಜಿ ಮಾರುವವರೂ ಹೀಗೆಯೇ. ಆಮೇಲೆ ಫರ್ನಾಂದಾಬಾಯಿ ನನ್ನ ಪೈಪನ್ನು ಎತ್ತಿಕೊಂಡು ಕೆಸರು ತುಳಿಯುತ್ತ ತನ್ನ ಪಟ್ಟಿಯ ಗೂಟದ ಕಡೆ ನಡೆದಳು. ನಾನು ಚಪ್ಪಲಿ ಕಳಚಿ ಸೀರೆ ಎತ್ತಿ ಕಟ್ಟಿ ಹಿಂದೆ ಹೋದೆ. ಪೈಪನ್ನು ಗೂಟಕ್ಕೆ ಬಿಗಿದು ಗಂಟು ಆಕೆಯೇ ಹಾಕಿದಳು. ನನಗೆ ಹಾಕಗೊಡಲಿಲ್ಲ.

ಮತ್ತೆ ಬೆಳಗಾವಿ

ಖೋಲಿ ಉಳಿಯಿತು. ಈಗ ಅದರ ಮೇಜಿನ ತುಂಬ ಬಿಳಿ ಪೈಪುಗಳಿವೆ. ಕೆಲವು ಒಲ್ಯಾಂವ್‌ಗೆ, ಕೆಲವು ಕಾರವಾರದ ಕಡೆಗೆ. ಕರಿ ಮಗ್ಗ ಫರ್ನಾಂದಾಬಾಯಿಯ ಹತ್ತಿರವೇ ಉಳಿದದ್ದರಿಂದ ಪರೀಕ್ಷೆಗೆ ಅಂಥದೇ ಇನ್ನೊಂದು ತಂದಿಟ್ಟಿದ್ದೇನೆ. ಬಸಪ್ಪಣ್ಣ ಮಾತ್ರ ಅವುಗಳನ್ನು ಮುಟ್ಟುತ್ತಿರಲಿಲ್ಲ. ಕಸ ಹೊಡೆಯುವನು, ಬೆಸುಗೆ ಕಾಯಿಸಿಕೊಡುವನು, ಪೈಪಿನ ಹತ್ತಿರ ಕರೆದರೆ "ನನ್ನ ಕೈ ಬ್ಯಾಡ್ರೀ ಅಕ್ಕಾರ" ಎಂದು ಹಿಂದೆ ಸರಿಯುವನು. ಎಷ್ಟು ಹೇಳಿದರೂ ಕೇಳಲಿಲ್ಲ.

ಫರ್ನಾಂದಾಬಾಯಿಯಿಂದ ದಿನಕ್ಕೊಂದು ಅಂಕಿ ಬರುತ್ತಿತ್ತು, ಬರೇ ಅಂಕಿ. ಒಂಬತ್ತು, ಹನ್ನೊಂದು, ಹತ್ತು. ಚಳಿ ಕಳೆದ ಮೇಲೆ ಒಂದು ದಿನ ಬಂದದ್ದು ಅರವತ್ತೆಂಟು. ಅದರ ಕೆಳಗೆ, ಮೊದಲ ಸಲ, ನಾಲ್ಕು ಸಾಲು.

"ಮೊದಲ ಮಗ್ಗದಾಗ ನೋಡಿದೆ. ಮೂರೇ ಐತಿ. ಅರಿಶಿನ ಅಲ್ಲ, ನೀರಿಂದ ಐತಿ. ನಾ ಇವತ್ತ ಇಳಿಯೂದಿಲ್ಲ, ಬಾಜೂದವರಿಗೂ ಹೇಳೇನಿ."

ಮೂರನೆಯ ದಿನ ಸಂಸ್ಥೆಯ ಪರೀಕ್ಷೆಯ ಫಲ ಬಂತೆಂದು ಹೆಲೆನಾ ಬರೆದಳು. ಕಪ್ಪೆಚಿಪ್ಪಿನಲ್ಲಿ ವಿಷವಿತ್ತು, ಪಟ್ಟಿಗಳನ್ನೆಲ್ಲ ಮುಚ್ಚಿದ್ದಾರೆ. ಆ ನಡುವಿನ ದಿನಗಳಲ್ಲಿ ಫರ್ನಾಂದಾಬಾಯಿಯ ಕಡೆಯ ಎಂಟು ಹೆಂಗಸರೂ ಕೆಸರಿಗೆ ಇಳಿದಿರಲಿಲ್ಲ, ಅವರ ಮನೆಯಲ್ಲಿ ಯಾರೂ ತಿಂದಿರಲಿಲ್ಲ.

ಬಸಪ್ಪಣ್ಣನನ್ನು ಕರೆದು ಕೂರಿಸಿ ಎಲ್ಲ ಓದಿ ಹೇಳಿದೆ.

"ಅರಿಶಿನ ಅಂತನ ಬರದಾರೇನ್ರೀ ಆ ಬಾಯಾರು?"

"ಹೌದ್ರೀ. ಅರಿಶಿನ ಅಲ್ಲ ಅಂತ ಬರದಾರ. ಅದನ್ನ ಮೊದಲ ನೋಡಿ, ಆಮ್ಯಾಲ ಕೊಳವಿ ನಂಬ್ಯಾರ."

ಅವನು ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡ, ಮೊಣಕೈತನಕ, ಸಾಬೂನು ಹಚ್ಚಿ ಎರಡು ಸಲ. ಒರೆಸಿಕೊಂಡು ಬಂದು ಮೇಜಿನ ಮೇಲಿನ ಪೈಪೊಂದನ್ನು ಎತ್ತಿ ಬೆಳಕಿಗೆ ಹಿಡಿದು ಅದರ ಕಣ್ಣು ನೋಡಿದ.

"ಮಗ್ಗ ಎಲ್ಲೈತ್ರೀ ಅಕ್ಕಾರ?" ಎಂದ.